ಮಿಲ್ಲಿನ ಮೋಟರ್, ಹಳೆ ಜಿಪ್ಸಿ, ನಾಲ್ಕು ಸುತ್ತು ತಂತಿ

ಗಂಗಾವತಿಯಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಊರ ತುಂಬ ರೈಸ್ ಮಿಲ್ಲು, ಸುತ್ತಮುತ್ತ ಪಂಪ್‌ಸೆಟ್ಟು. ಸುಟ್ಟ ಮೋಟರಿಗೆ ನಮ್ಮಲ್ಲಿ ಬರಗಾಲ ಇಲ್ಲ. ಸುಗ್ಗಿಯಲ್ಲಿ ಒಂದು ಮೋಟರ್ ಕೈಕೊಟ್ಟರೆ ಸಾಕು, ಮಿಲ್ಲಿನವರು ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾರೆ. ತಂತಿ ಸುತ್ತುವುದು ಗೊತ್ತಿತ್ತು. ಗಾಡಿ ಕೆಲಸ ಅಷ್ಟಕ್ಕಷ್ಟೆ.

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್. 1.3 ಲೀಟರ್ ಪೆಟ್ರೋಲ್ ಇಂಜಿನ್, ಕಾರ್ಬುರೇಟರ್ ಕಾಲದ್ದು. ಹೆಡ್ ಗ್ಯಾಸ್ಕೆಟ್ ಹೋದ ಮೇಲೆ ಆರು ವರ್ಷ ಹೊಲದ ಬೇವಿನ ಮರದ ಕೆಳಗೇ ನಿಂತಿತ್ತು. ಹಿಂದಿನ ಜಾಗ ಯೂರಿಯಾ ಚೀಲ ಇಡುವ ಗೋದಾಮಾಗಿತ್ತು. ಈಗ ಅದೇ ಗಾಡಿ ಬ್ಯಾಟರಿ ಮೇಲೆ ಗದ್ದೆ ಬದು, ಕಾಲುವೆ ಏರಿ ಎಲ್ಲ ಸುತ್ತುತ್ತದೆ. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹೀಗೆ ಮನೆಯಲ್ಲಿ ಮಾಡಿದ ಗಾಡಿಯನ್ನು ರಸ್ತೆಗೆ ತರುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರೂಪ ನಮ್ಮಿಷ್ಟದಂತೆ ಬದಲಾಯಿಸುವಂತಿಲ್ಲ. ರಸ್ತೆಗೇ ಬೇಕು ಅನ್ನುವವರು ಎಐಎಸ್ 123 ಮಾನದಂಡದ ಪ್ರಕಾರ ಪರೀಕ್ಷೆ ಆಗಿ ಒಪ್ಪಿಗೆ ಸಿಕ್ಕ, ಇಂಜಿನ್ ಬದಲು ಮೋಟರ್ ಹಾಕುವ ಕಿಟ್ ತರಬೇಕು. ಅದನ್ನು ಅಧಿಕೃತ ಕೆಲಸಗಾರರಿಂದ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ನನ್ನ ಜಿಪ್ಸಿ ನಮ್ಮ ಹೊಲದ ಗೇಟು ದಾಟುವುದಿಲ್ಲ. ಒಂದೇ ಕಡೆ ಹನ್ನೆರಡು ಎಕರೆ ಇದೆ, ಅದರೊಳಗೇ ಸಾಕಾಗುವಷ್ಟು ಓಡಾಟ ಇದೆ.

ಜಿಪ್ಸಿ ಯಾಕೆ? ಹಗುರ ಗಾಡಿ, ಸುಮಾರು ಒಂದು ಟನ್. ಕೆಳಗೆ ಏಣಿಯಂಥ ಲ್ಯಾಡರ್ ಚಾಸಿ ಇದೆ, ಬ್ರಾಕೆಟ್ ಎಲ್ಲಿ ಬೇಕೋ ಅಲ್ಲಿ ಕೂರಿಸಬಹುದು. ಟ್ರಾನ್ಸ್‌ಫರ್ ಕೇಸ್, ಅಂದರೆ ಹಿಂದಿನ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಶಾಫ್ಟ್ ಇದೆ. ದೊಡ್ಡ ಮೋಟರ್ ಇರುವವರು ಗೇರ್‌ಬಾಕ್ಸ್ ತೆಗೆದು ನೇರ ಟ್ರಾನ್ಸ್‌ಫರ್ ಕೇಸಿಗೇ ಜೋಡಿಸುತ್ತಾರೆ. ನನ್ನದು ಸಣ್ಣ ಮೋಟರ್. ಗೇರ್‌ಬಾಕ್ಸ್ ಹಾಗೇ ಉಳಿಸಿಕೊಂಡೆ. ನೀವೂ ಉಳಿಸಿಕೊಳ್ಳಿ, ಕೆಸರಿನಲ್ಲಿ ಅದೇ ಕಾಪಾಡುತ್ತದೆ.

ಈಗ ನನ್ನ ಇಷ್ಟದ ಭಾಗ, ಮೋಟರ್. ಮಿಲ್ಲಿನಿಂದ ಗುಜರಿಗೆ ಹೊರಟಿದ್ದ 10 ಎಚ್‌ಪಿ, ನಾಲ್ಕು ಪೋಲಿನ, 415 ವೋಲ್ಟ್ ಡೆಲ್ಟಾ ಮೋಟರ್ ಹಿಡಿದುಕೊಂಡೆ. 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ ಸುಮಾರು 1440 ಸುತ್ತು. ಟಾರ್ಕ್, ಅಂದರೆ ತಿರುಗಿಸುವ ಬಲ, 50 ನ್ಯೂಟನ್ ಮೀಟರ್ ಆಸುಪಾಸು. 415 ವೋಲ್ಟಿನ ಬ್ಯಾಟರಿ ಕಟ್ಟುವುದು ಮನೆ ಕೆಲಸ ಅಲ್ಲ, ಪ್ರಾಣಕ್ಕೇ ಅಪಾಯ. ಹಾಗಾಗಿ ಬ್ಯಾಟರಿಯನ್ನು 96 ವೋಲ್ಟಿಗೆ ಇಟ್ಟು, ಮೋಟರನ್ನೇ ಅದಕ್ಕೆ ಬಗ್ಗಿಸಿದೆ.

ಹೇಗೆಂದರೆ, ಬಿಚ್ಚಿದಾಗ ಒಂದೊಂದು ಸ್ಲಾಟಿನಲ್ಲಿ, ಅಂದರೆ ತಂತಿ ಕೂರುವ ಸೀಳಿನಲ್ಲಿ, 40 ಸುತ್ತು ಇತ್ತು. 18 ಗೇಜಿನ ತಂತಿ, ಎರಡೆಳೆ. ನಾನು 4 ಸುತ್ತು ಹಾಕಿದೆ, 20 ಎಳೆಯಲ್ಲಿ. ಮೊದಲೂ ಸ್ಲಾಟಿಗೆ 80 ತಂತಿ, ಈಗಲೂ 80. ತಾಮ್ರ ಅಷ್ಟೇ, ಜಾಗ ಅಷ್ಟೇ. ಸುತ್ತು ಹತ್ತರಲ್ಲಿ ಒಂದು ಪಾಲಾಯಿತು, ವೋಲ್ಟೂ ಹತ್ತರಲ್ಲಿ ಒಂದು ಪಾಲು ಸಾಕು, ಕರೆಂಟು ಮಾತ್ರ ಹತ್ತು ಪಟ್ಟು. 50 ಹರ್ಟ್ಸ್‌ಗೆ ಸುಮಾರು 41 ವೋಲ್ಟ್ ಬೇಕು. ಹರ್ಟ್ಸ್ ಏರಿದಷ್ಟೂ ಮೋಟರ್ ಜೋರು ತಿರುಗುತ್ತದೆ, ವೋಲ್ಟೂ ಅದೇ ಲೆಕ್ಕದಲ್ಲಿ ಏರಬೇಕು. ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ ಮೋಟರ್ ಓಡಿಸುವ ಪೆಟ್ಟಿಗೆಯೇ ಕಂಟ್ರೋಲರ್. 96 ವೋಲ್ಟ್ ಬ್ಯಾಟರಿಯಿಂದ ಅದು ಹೆಚ್ಚೆಂದರೆ 68 ವೋಲ್ಟ್ ಎಸಿ ಮಾಡಿಕೊಡುತ್ತದೆ. ಅಂದರೆ 80 ಹರ್ಟ್ಸ್‌ವರೆಗೆ, 2300 ಸುತ್ತು ದಾಟುವತನಕ ಟಾರ್ಕ್ ಬೀಳುವುದಿಲ್ಲ. 7.5 ಕಿಲೋವ್ಯಾಟ್ ಮೋಟರ್ 12 ಕಿಲೋವ್ಯಾಟ್ ಕೊಡುತ್ತದೆ. ಏರಿ ಹತ್ತುವಾಗ ಒಂದೆರಡು ನಿಮಿಷ ಇದರ ಎರಡು ಪಟ್ಟು ಎಳೆದರೂ ತಡೆಯುತ್ತದೆ. ಮಿಲ್ಲಿನಲ್ಲಿ ಇದೇ ಮೋಟರ್ ಜೀವನಪೂರ್ತಿ ಅರ್ಧ ನಿದ್ದೆಯಲ್ಲಿತ್ತು ಅನ್ನಿ.

ಹಳೆ ವೈಂಡಿಂಗನ್ನು ಬೆಂಕಿಗೆ ಹಾಕಿ ಸುಡಬೇಡಿ. ನಮ್ಮ ಕಸುಬಿನಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ, ಬೇಗ ಆಗುತ್ತದೆ ಅಂತ. ಮೋಟರಿನೊಳಗಿನ ತೆಳು ಕಬ್ಬಿಣದ ಸ್ಟಾಂಪಿಂಗ್ ಹಾಳೆಗಳ ನಡುವಿನ ಲೇಪ ಸುಟ್ಟರೆ ಕಬ್ಬಿಣವೇ ಬಿಸಿಯಾಗತೊಡಗುತ್ತದೆ. 50 ಹರ್ಟ್ಸ್‌ನಲ್ಲಿ ಅದು ಗೊತ್ತಾಗದೇ ಹೋಗಬಹುದು, 80ಕ್ಕೆ ಹೋದಾಗ ಕೈ ಇಡಲಾಗುವುದಿಲ್ಲ. ಒಂದು ಕಡೆ ತಂತಿಯ ತಲೆ ಕತ್ತರಿಸಿ, ಹದವಾಗಿ ಬಿಸಿ ಮಾಡಿ, ಇನ್ನೊಂದು ಕಡೆಯಿಂದ ಎಳೆಯಿರಿ. ಹೊಸದಾಗಿ ಇಳಿಸುವಾಗ 20 ಎಳೆಯನ್ನೂ ಒಟ್ಟಿಗೆ ತುರುಕಬೇಡಿ. ಸ್ಲಾಟಿನ ಬಾಯಿ ಕಿರಿದು, ತಂತಿ ಮೇಲಿನ ಎನಾಮೆಲ್ ಲೇಪ ಕಿತ್ತು ಬರುತ್ತದೆ. ಎರಡೆರಡೇ ಎಳೆ ಬಿದಿರು ಸೀಳಿನಿಂದ ಸವರಿ ಕೂರಿಸಬೇಕು. ನನಗೆ ಮೂರು ದಿನ ಹಿಡಿಯಿತು. ವಾರ್ನಿಷ್ ಹಾಕುವ ಮುಂಚೆ ತಂತಿಯ ತಲೆಯೊಳಗೆ ಒಂದು ಟೆಂಪರೇಚರ್ ಸೆನ್ಸರ್ ಕಟ್ಟಿಬಿಡಿ. ಆಮೇಲೆ ಅಂದರೆ ಆಗುವುದಿಲ್ಲ.

ಹಿಂದಿನ ಫ್ಯಾನು ತೆಗೆದೆ. ಗಾಡಿ ನಿಧಾನ ಇದ್ದಾಗ ಮೋಟರೂ ನಿಧಾನ ತಿರುಗುತ್ತದೆ, ಶಾಫ್ಟಿನ ಫ್ಯಾನಿಗೆ ಗಾಳಿಯೇ ಬರುವುದಿಲ್ಲ. ಜಾಸ್ತಿ ಬಿಸಿಯಾಗುವುದು ಆಗಲೇ ಅಲ್ವಾ? ಅದರ ಬದಲು 12 ವೋಲ್ಟಿನ ಬ್ಲೋವರ್ ಕೂರಿಸಿದೆ. ಫ್ಯಾನಿದ್ದ ಶಾಫ್ಟಿನ ತುದಿಗೆ ಎನ್‌ಕೋಡರ್ ಬಂತು. ಇಂಥ ಇಂಡಕ್ಷನ್ ಮೋಟರ್ ಓಡಿಸುವ ಕಂಟ್ರೋಲರಿಗೆ ಶಾಫ್ಟು ಎಷ್ಟು ವೇಗವಾಗಿ, ಯಾವ ಕಡೆ ತಿರುಗುತ್ತಿದೆ ಅಂತ ಗೊತ್ತಾಗಬೇಕು. ಕಂಟ್ರೋಲರ್ ಸೆಕೆಂಡ್ ಹ್ಯಾಂಡ್ ತಂದೆ, 96 ವೋಲ್ಟಿನದು. ತರುವಾಗ ಪ್ರೋಗ್ರಾಮ್ ಮಾಡುವ ಕೇಬಲ್ಲೂ ಸಾಫ್ಟ್‌ವೇರೂ ಸಿಗುತ್ತದಾ ಅಂತ ಕೇಳಿ. ಇಲ್ಲದಿದ್ದರೆ ಅದು ಸುಮ್ನೆ ಒಂದು ಅಲ್ಯೂಮಿನಿಯಂ ಗಟ್ಟಿ.

ಇನ್ನು ಜೋಡಣೆ. ನಾನು ಕೆಟ್ಟದ್ದು ಇಲ್ಲೇ.

ಮೋಟರ್ ಫ್ಲೇಂಜ್ ಮಾದರಿಯದು, ಅಂದರೆ ಮುಂದಿನ ಮುಖಕ್ಕೇ ಬೋಲ್ಟ್ ಹಾಕುವಂಥದ್ದು ಇರಲಿ. ಕಾಲಿನ ಮಾದರಿ ಸಿಕ್ಕರೆ ಮುಂದಿನ ಕವರ್ ಬದಲಾಯಿಸಿ. ಫ್ಲೇಂಜಿಗೂ ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೂ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ನಡುವೆ 12 ಎಂಎಂ ಪ್ಲೇಟು ಬರುತ್ತದೆ. ಮೋಟರಿನ 38 ಎಂಎಂ ಶಾಫ್ಟಿಗೆ ಕೀ ಹಾಕಿ ಒಂದು ಹಬ್. ಹಬ್ಬಿನ ಇನ್ನೊಂದು ತುದಿಗೆ ಹಳೆ ಕ್ಲಚ್ ಪ್ಲೇಟಿನ ನಡುವಿನ ಹಲ್ಲಿನ ಭಾಗ ಕತ್ತರಿಸಿ ಬೋಲ್ಟ್ ಮಾಡಿದೆವು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಅದರೊಳಗೆ ಸರಿಯಾಗಿ ಕೂರುತ್ತದೆ. ಕ್ಲಚ್ ಬೇಕಿಲ್ಲ. ಮೋಟರಿಗೆ ಐಡ್ಲಿಂಗ್ ಇಲ್ಲ, ಗೇರಿನಲ್ಲೇ ನಿಲ್ಲುತ್ತದೆ, ಗೇರಿನಲ್ಲೇ ಹೊರಡುತ್ತದೆ.

ಎಲ್ಲ ಮಾಡಿ ಓಡಿಸಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಗೇರ್‌ಬಾಕ್ಸಿನಿಂದ ಗರಗರ ಶಬ್ದ, ಹಿಟ್ಟಿನ ಗಿರಣಿಗೆ ಕಲ್ಲು ಬಿದ್ದ ಹಾಗೆ. ಬಿಚ್ಚಿ ನೋಡಿದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗಿತ್ತು. ಲೇತಿನ ಹುಡುಗ ಹಳೆ ಇಂಜಿನ್ನಿನ ಕ್ರ್ಯಾಂಕ್ ತುದಿ ತೋರಿಸಿ, ‘ಅಣ್ಣಾ, ಇದರೊಳಗ ಸಣ್ಣ ಬೇರಿಂಗ್ ಐತಲ್ಲ, ಅದು ಎಲ್ಲಿ ಹೋತು?’ ಅಂದ. ಇನ್‌ಪುಟ್ ಶಾಫ್ಟಿನ ಮೂಗಿನ ತುದಿ ಇಂಜಿನ್ ಕಡೆಯ ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ. ಇಂಜಿನ್ ತೆಗೆದಾಗ ಅದೂ ಇಂಜಿನ್ ಜೊತೆ ಹೋಯಿತು. ನನ್ನ ಶಾಫ್ಟ್ ಒಂದೇ ಕಡೆ ಆಧಾರ ಇಟ್ಟುಕೊಂಡು ಗಾಳಿಯಲ್ಲಿ ಕುಣಿಯುತ್ತಿತ್ತು! ಹಬ್ಬಿನ ನಡುವೆ ಗೂಡು ಕೊರೆದು ಅದೇ ಅಳತೆಯ ಬೇರಿಂಗ್ ಕೂರಿಸಿದ ಮೇಲೆ ಶಬ್ದ ನಿಂತಿತು.

ಪ್ಲೇಟಿನ ನಡುಬಿಂದು ಕಣ್ಣಂದಾಜಿನಲ್ಲಿ ಬೇಡ. ಮೋಟರ್ ಶಾಫ್ಟಿಗೆ ಡಯಲ್ ಗೇಜ್ ಕಟ್ಟಿ, ಬೆಲ್ ಹೌಸಿಂಗಿನ ಒಳಸುತ್ತು ಪೂರ್ತಿ ತಿರುಗಿಸಿ ನೋಡಿ. ಮುಳ್ಳು 0.1 ಎಂಎಂಗಿಂತ ಜಾಸ್ತಿ ಓಡಾಡಿದರೆ ಸರಿಪಡಿಸಿ. ಸರಿಯಾದ ಮೇಲೆ ಎರಡು ಡೋವೆಲ್ ಪಿನ್ನು ಹೊಡೆದುಬಿಡಿ, ಮುಂದೆ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಅದೇ ಜಾಗಕ್ಕೆ ಬರುತ್ತದೆ. ಇಡೀ ಗಾಡಿಯಲ್ಲಿ ದುಡ್ಡು ಉಳಿಸಬಾರದ ಜಾಗ ಈ ಲೇತ್ ಕೆಲಸ.

ಬ್ಯಾಟರಿ 280 ಆಂಪಿಯರ್ ಅವರಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, ಸಾಲಾಗಿ 30. ಒಂದೊಂದು 3.2 ವೋಲ್ಟ್, 5.4 ಕೆಜಿ. ಎಲ್ಲ ಸೇರಿ 162 ಕೆಜಿ, 26.9 ಯೂನಿಟ್. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಯಿತು. ಹೊಸದು ಅಂತ ಕೊಂಡ 30ರಲ್ಲಿ ಎರಡು ಸೆಲ್ ಅರ್ಧ ದಾರಿಗೇ ಸುಸ್ತಾಗುತ್ತಿದ್ದವು. ಸಾಲಿನಲ್ಲಿ ಒಂದು ಸೆಲ್ ಮಲಗಿದರೆ ಇಡೀ ಬ್ಯಾಟರಿ ಮಲಗಿದ ಹಾಗೆ. ಪೆಟ್ಟಿಗೆಗೆ ಹಾಕುವ ಮುಂಚೆ ಒಂದೊಂದನ್ನೂ ಚಾರ್ಜ್ ಮಾಡಿ, ಖಾಲಿ ಮಾಡಿ, ಅಳೆಯಿರಿ. ಬೇಜಾರಿನ ಕೆಲಸ, ಆದರೆ ಮಾಡಲೇಬೇಕು.

ಎಲ್ಲ ಸೆಲ್ಲೂ ಒಂದೇ ಮಟ್ಟಕ್ಕೆ ಬರಬೇಕು. ಖಾಲಿ ಇದ್ದಾಗಲೇ 30ನ್ನೂ ಪ್ಯಾರಲಲ್ ಜೋಡಿಸಿ ಕೂತರೆ ವಾರಗಟ್ಟಲೆ ಆಗುತ್ತದೆ. ಮೊದಲು ಬಿಎಂಎಸ್, ಅಂದರೆ ಒಂದೊಂದು ಸೆಲ್ಲನ್ನೂ ಕಾಯುವ ಬೋರ್ಡು, ಹಾಕಿ ಸಾಲಿನಲ್ಲೇ ಹತ್ತಿರ ಹತ್ತಿರ ತುಂಬಿಸಿ. ಆಮೇಲೆ ಪ್ಯಾರಲಲ್ ಮಾಡಿ 3.65 ವೋಲ್ಟಿಗೆ ನಿಲ್ಲಿಸಿ. ಪವರ್ ಸಪ್ಲೈಯ ವೋಲ್ಟೇಜನ್ನು ವೈರ್ ಸೇರಿಸುವ ಮುಂಚೆ ಹೊಂದಿಸಿಕೊಳ್ಳಿ. ಸೆಲ್ಲಿನ ಬೋಲ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ, ಎಷ್ಟು ಅಂತ ಸೆಲ್ಲಿನ ಹಾಳೆಯಲ್ಲಿ ಇರುತ್ತದೆ. ಕೈಬಲ ತೋರಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಕೈಗೆ ಬರುತ್ತದೆ. ಉಂಗುರ, ಕಡಗ, ವಾಚು ತೆಗೆದಿಟ್ಟು ಕೂರಿ. ಸ್ಪ್ಯಾನರಿಗೆ ಇನ್ಸುಲೇಷನ್ ಟೇಪ್ ಸುತ್ತಿರಿ. 96 ವೋಲ್ಟ್ ಡಿಸಿಯನ್ನು ನಮ್ಮ ಕರೆಂಟಿನವರೇ ಹಗುರವಾಗಿ ನೋಡುತ್ತಾರೆ. ಎಸಿಯಲ್ಲಿ ಕಿಡಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಆರುತ್ತದೆ. ಡಿಸಿಯಲ್ಲಿ ಆ ಸೊನ್ನೆ ಇಲ್ಲ, ಕಿಡಿ ಎಳೆದುಕೊಂಡೇ ಹೋಗುತ್ತದೆ. ಮನೆಯ ಎಂಸಿಬಿ ಇಲ್ಲಿ ಕೆಲಸಕ್ಕೆ ಬಾರದು. ಡಿಸಿಗೇ ಮಾಡಿದ ಫ್ಯೂಸ್, ಡಿಸಿಗೇ ಮಾಡಿದ ಕಾಂಟ್ಯಾಕ್ಟರ್ (ಕೀ ತಿರುಗಿಸಿದಾಗ ಬ್ಯಾಟರಿ ಸೇರಿಸುವ ದೊಡ್ಡ ಸ್ವಿಚ್ಚು) ತನ್ನಿ. ನನ್ನದರಲ್ಲಿ 300 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇದೆ. ಸೀಟಿನಿಂದ ಕೈಗೆ ಸಿಗುವ ಜಾಗದಲ್ಲಿ ಕೆಂಪು ತುರ್ತು ಸ್ವಿಚ್ಚೂ ಇದೆ.

ಪ್ರೀಚಾರ್ಜ್ ಮರೆಯಬೇಡಿ. ಕಂಟ್ರೋಲರ್ ಒಳಗಿನ ಕೆಪಾಸಿಟರ್ ಖಾಲಿ ಇದ್ದಾಗ ನೇರ ಕಾಂಟ್ಯಾಕ್ಟರ್ ಹಾಕಿದರೆ ಟಪ್ ಅಂತ ಕಿಡಿ ಹಾರಿ ಪಾಯಿಂಟು ಬೆಸುಗೆಯಾಗುತ್ತದೆ. ಆಮೇಲೆ ಕೀ ತೆಗೆದರೂ ಗಾಡಿ ಆಫ್ ಆಗುವುದಿಲ್ಲ. 100 ಓಮಿನ ವೈರ್‌ವೌಂಡ್ ರೆಸಿಸ್ಟರ್ ಮೂಲಕ ಮೊದಲು ತುಂಬಿಸಿ, ಆಮೇಲೆ ಕಾಂಟ್ಯಾಕ್ಟರ್ ಎತ್ತಬೇಕು. ಕೆಲವು ಕಂಟ್ರೋಲರ್ ತಾವೇ ಮಾಡಿಕೊಳ್ಳುತ್ತವೆ, ಕೈಪಿಡಿ ನೋಡಿ.

ಬ್ರೇಕು! ಇಂಜಿನ್ ಹೋದರೆ ವ್ಯಾಕ್ಯೂಮ್ ಹೋಯಿತು, ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್ ಸತ್ತಿತು. ಮೊದಲ ಸಲ ಕಾಲುವೆ ಏರಿಯಿಂದ ಇಳಿಯುವಾಗ ಪೆಡಲ್ ಕಲ್ಲಿನ ಹಾಗಿತ್ತು. ಎರಡೂ ಕಾಲು ಹಾಕಿ ತುಳಿದು ನಿಲ್ಲಿಸಿದೆ, ಮುಂದೆ ನಾಟಿ ಮಾಡಿದ ಗದ್ದೆ. 12 ವೋಲ್ಟಿನ ವ್ಯಾಕ್ಯೂಮ್ ಪಂಪು, ಒಂದು ಸಣ್ಣ ಡಬ್ಬಿ, ಒಂದು ಪ್ರೆಷರ್ ಸ್ವಿಚ್ಚು, ಇಷ್ಟೇ ಸಾಮಾನು. ಮೋಟರ್ ತಿರುಗಿಸುವ ಮುಂಚೆಯೇ ಇದನ್ನು ಹಾಕಿ. ರೀಜನ್ (ಮೋಟರೇ ಗಾಡಿಯನ್ನು ಹಿಡಿದು ಬ್ಯಾಟರಿ ತುಂಬಿಸುವುದು) ಇದೆಯಲ್ಲ ಅಂತ ಅದನ್ನೇ ನಂಬಬೇಡಿ. ಬ್ಯಾಟರಿ ಪೂರ್ತಿ ತುಂಬಿದ್ದಾಗ ರೀಜನ್ ಹಿಡಿಯುವುದಿಲ್ಲ. ಬೆಳಗ್ಗೆ ಚಾರ್ಜರ್ ಕಿತ್ತು ಹೊರಟ ಮೊದಲ ಇಳಿಜಾರಿನಲ್ಲೇ ಇದು ಗೊತ್ತಾಗುತ್ತದೆ.

ಹೆಡ್‌ಲೈಟು, ಹಾರ್ನು, ಪಂಪಿಗೆ 96ರಿಂದ 12 ವೋಲ್ಟ್ ಮಾಡುವ ಡಿಸಿ ಕನ್ವರ್ಟರ್ ಇದೆ. ಹಳೆ 12 ವೋಲ್ಟ್ ಬ್ಯಾಟರಿ ಜೊತೆಗಿರಲಿ.

ಚಾರ್ಜರ್ 3.3 ಕಿಲೋವ್ಯಾಟ್, 16 ಆಂಪಿಯರ್ ಸಾಕೆಟ್ಟಿಗೆ. ಖಾಲಿಯಿಂದ ತುಂಬಲು ಒಂಬತ್ತು ಗಂಟೆ. ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟಿಗೆ ಹಾಕಿಬಿಡು ಅಂತ ಸಲಹೆ ಕೊಡುವವರು ಬಹಳ. 10 ಎಚ್‌ಪಿವರೆಗಿನ ಪಂಪಿಗೆ ಸರಕಾರ ಬಿಟ್ಟಿ ಕೊಡುವುದು ನೀರೆತ್ತಲು, ಜೀಪಿಗಲ್ಲ. ನಾನು ಮನೆ ಮೀಟರಿನಿಂದಲೇ ತೆಗೆದುಕೊಳ್ಳುತ್ತೇನೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ಸೆಲ್ 45 ಮುಟ್ಟಿದರೆ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸುವಂತೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೆ, ಅದೇ ಬೇವಿನ ಮರದ ಕೆಳಗೆ ಹಾಕುತ್ತೇನೆ.

ಓಡಾಟ ಹೇಗಿದೆ? ಎರಡನೇ ಗೇರಿಗೆ ಹಾಕಿ ಬಿಟ್ಟರೆ ಹೊಲದೊಳಗೆ ಮತ್ತೆ ಗೇರು ಮುಟ್ಟುವ ಕೆಲಸ ಇಲ್ಲ. ಗೇರು ಬದಲಿಸಬೇಕಾದರೆ ಗಾಡಿ ನಿಲ್ಲಿಸಿ ಬದಲಿಸುತ್ತೇನೆ. ಎರೆ ಮಣ್ಣಿನ ಕೆಸರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರ ನಿಧಾನ ಎಳೆಯುವ ಗೇರು) ಹಾಕಿ ಮೊದಲನೇ ಗೇರಿನಲ್ಲಿ ಎಂಟು ಚೀಲ ಗೊಬ್ಬರ ಎಳೆದಿದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನ ಹೋದರೂ ಮುಗ್ಗರಿಸುವುದಿಲ್ಲ, ಬಂದ್ ಬೀಳುವುದಿಲ್ಲ. ಒಂದು ಚಾರ್ಜಿಗೆ ಕೆಸರು, ಒಣ ನೆಲ ಸೇರಿ 70 ಕಿಲೋಮೀಟರ್ ಸಿಗುತ್ತಿದೆ. ಹೊಲದಲ್ಲಿ ವಾರಕ್ಕೆ ಅಷ್ಟು ಓಡಿಸುವವರು ಯಾರು?

ಬಾಕಿ ಇರುವುದು ಎನ್‌ಕೋಡರ್. ಹೋದ ಮಳೆಗಾಲದಲ್ಲಿ ಎರಡು ಸಲ ಅದರೊಳಗೆ ಕೆಸರು ನೀರು ಹೋಗಿ ಗಾಡಿ ಜರ್ಕ್ ಹೊಡೆದು ನಿಂತಿತು. ಮೋಟರಿನ ಮೈಗೆ ನೀರು ತಾಗಿದರೆ ಏನೂ ಆಗದು, ಈ ಸಣ್ಣ ಚಕ್ರಕ್ಕೆ ಆಗಬಾರದು. ಸದ್ಯ ಒಂದು ಪ್ಲಾಸ್ಟಿಕ್ ಡಬ್ಬಿ ಕವುಚಿ ಸಿಲಿಕೋನ್ ಬಳಿದಿದ್ದೇನೆ. ಕಾಲುವೆಗೆ ನೀರು ಬಿಡುವುದರೊಳಗೆ ಲೇತಿನ ಹುಡುಗ ಆಯಿಲ್ ಸೀಲ್ ಇರುವ ಕವರ್ ಮಾಡಿಕೊಡುತ್ತೇನೆ ಅಂದಿದ್ದಾನೆ.