40 ಲೀಟರ್ ಉಪ್ಪುನೀರಿನ ಟ್ಯಾಂಕು, ಒಂದು ಪಾಮ್‌ಪಾಮ್ ಏಡಿ, ನಾಲ್ಕು ಸಾಫ್ಟ್ ಕೋರಲ್: ಶುರು ಮಾಡೋದು ಹೇಗೆ

ಮೆರೈನ್ ಟ್ಯಾಂಕ್ ಅಂದ ತಕ್ಷಣ ಎಲ್ರೂ ಮೊದ್ಲು ಕೇಳೋದು ಯಾವ ಮೀನು ಹಾಕ್ಲಿ ಅಂತ. ಸಣ್ಣ ಟ್ಯಾಂಕ್ ಆದ್ರೆ ನನ್ನ ಉತ್ತರ ಒಂದೇ, ಯಾವ್ದೂ ಬೇಡ. ಮೀನಿದ್ರೆ ದಿನಾ ಊಟ ಹಾಕ್ಬೇಕು, ಊಟ ಹಾಕಿದ್ರೆ ಗಲೀಜು, ಗಲೀಜು ತೆಗ್ಯೋಕೆ ದೊಡ್ಡ ಫಿಲ್ಟರ್ರು, ಗಲೀಜನ್ನ ನೊರೆ ಮಾಡಿ ಎತ್ತೋ ಸ್ಕಿಮ್ಮರ್ರು, ಖರ್ಚು ಎಲ್ಲಿಗೋ ಹೋಗಿ ನಿಲ್ಲತ್ತೆ. ಅದರ ಬದ್ಲು ಒಂದು ಪುಟ್ಟ ಏಡಿ, ನಾಲ್ಕು ಬಸವನಹುಳು, ನಾಲ್ಕು ಸಾಫ್ಟ್ ಕೋರಲ್ (ಮೆತ್ತನೆ ಹವಳ) ಇಟ್ರೆ 40 ಲೀಟರ್ ಟ್ಯಾಂಕ್ ಕೂಡ ಆರಾಮಾಗಿ ನಡ್ಯತ್ತೆ. ನೋಡೋಕೂ ಮೀನಿಗಿಂತ ಇದೇ ಮಜಾ ಅನ್ನೋದು ನನ್ನ ಅಭಿಪ್ರಾಯ, ಒಪ್ಪದೇ ಇರೋರು ತುಂಬಾ ಜನ ಇದ್ದಾರೆ, ಇರ್ಲಿ.

ಗಾಜಿನ ಟ್ಯಾಂಕ್ 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ ಸಾಕು, ಲೆಕ್ಕಕ್ಕೆ 40 ಲೀಟರ್, ಆದ್ರೆ ಕಲ್ಲು ಮರಳು ಹಾಕಿದ್ಮೇಲೆ ನೀರು ಹಿಡ್ಯೋದು 32 ಲೀಟರ್ ಆಸುಪಾಸು. ಜೊತೆಗೆ 50 ವ್ಯಾಟ್ ಹೀಟರ್, ನೀರನ್ನ ಓಡಾಡಿಸೋಕೆ ಚಿಕ್ಕದೊಂದು ವೇವ್‌ಮೇಕರ್, ನೀಲಿ-ಬಿಳಿ ಕೋರಲ್ ಎಲ್‌ಇಡಿ, ಅದಕ್ಕೊಂದು ಟೈಮರ್, ಥರ್ಮಾಮೀಟರ್, ಮತ್ತೆ ನೀರಿನ ಉಪ್ಪು ಅಳೆಯೋ ರಿಫ್ರ್ಯಾಕ್ಟೋಮೀಟರ್. ಈ ಕೊನೇದನ್ನ ಬಿಟ್ಟು ಬೇರೆ ಎಲ್ಲಾದ್ರಲ್ಲೂ ಬೇಕಾದ್ರೆ ಕಂಜೂಸ್ ಮಾಡಿ. ತೇಲೋ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ ಸಿಗತ್ತೆ ನಿಜ, ಆದ್ರೆ ಅದರ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದ್ರೂ ರೀಡಿಂಗ್ ತಪ್ಪು. ರಿಫ್ರ್ಯಾಕ್ಟೋಮೀಟರನ್ನ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಕ್ಯಾಲಿಬ್ರೇಷನ್ ದ್ರಾವಣ ಹಾಕಿ ಸೆಟ್ ಮಾಡ್ಕೊಳಿ, ಬರೀ ಆರ್‌ಒ ನೀರಲ್ಲಿ ಸೊನ್ನೆಗೆ ತಂದು ಬಿಟ್ರೆ ಮೇಲಿನ ರೀಡಿಂಗ್ ಸರಿ ಇರತ್ತೆ ಅಂತ ಗ್ಯಾರಂಟಿ ಇಲ್ಲ.

ಈಗ ನೀರು. ಬೋರ್‌ವೆಲ್ ನೀರು, ಕಾರ್ಪೊರೇಷನ್ ನೀರು ಎರಡೂ ಆಗಲ್ಲ, ಆರ್‌ಒ ಆದ್ಮೇಲೆ ಉಳಿದ ಲವಣ ಹಿಡಿಯೋ ಡಿಐ ರೆಸಿನ್ ದಾಟಿ ಬಂದು ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ಸೊನ್ನೆ ತೋರಿಸೋ ನೀರು ಬೇಕು. ಮನೇಲಿ ಕುಡಿಯೋಕೆ ಇರೋ ಆರ್‌ಒ ಇದ್ಯಲ್ಲ ಅಂತೀರಾ, ಅಲ್ಲೇ ಇರೋದು ಅಪಾಯ. ಅದ್ರಲ್ಲಿ ರುಚಿಗೆ ಅಂತ ಮಿನರಲ್ ಸೇರಿಸ್ತಾರೆ, ಈಗಂತೂ ಎಷ್ಟೋ ಮಾಡೆಲ್‌ಗಳಲ್ಲಿ ಆರೋಗ್ಯಕ್ಕೆ ಒಳ್ಳೇದು ಅಂತ ತಾಮ್ರ ಬಿಡ್ತಾರೆ. ನಮಗೆ ಒಳ್ಳೇದೋ ಏನೋ, ಏಡಿ, ಬಸವನಹುಳು, ಕೋರಲ್ ಇವಕ್ಕೆಲ್ಲ ತಾಮ್ರ ಅಂದ್ರೆ ವಿಷ, ತುಂಬಾ ಕಡಿಮೆ ಪ್ರಮಾಣ ಸಾಕು. ಹಾಗಾಗಿ ತಾಮ್ರದ ಬಿಂದಿಗೆ, ಹಿತ್ತಾಳೆ ಕೊಳಗ ಇವುಗಳಲ್ಲಿ ಟ್ಯಾಂಕಿನ ನೀರು ಹಿಡಿದಿಡೋದೂ ಬೇಡ. ಅಕ್ವೇರಿಯಂ ಅಂಗಡೀಲಿ ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡೋ ಔಷಧಿಗಳಲ್ಲೂ ಎಷ್ಟೋ ಸಲ ತಾಮ್ರ ಇರತ್ತೆ, ಲೇಬಲ್ ಓದದೆ ಒಂದು ಹನಿ ಕೂಡ ಬಿಡ್ಬೇಡಿ.

ಉಪ್ಪು ಅಂದ್ರೆ ಮೆರೈನ್ ಸಾಲ್ಟ್ ಮಿಕ್ಸೇ ಆಗ್ಬೇಕು, ಇನ್‌ಸ್ಟಂಟ್ ಓಷನ್, ರೆಡ್ ಸೀ, ಟ್ರಾಪಿಕ್ ಮರೀನ್, ಯಾವುದಾದ್ರೂ ಸರಿ. ಅಡುಗೆ ಉಪ್ಪು, ಕಲ್ಲುಪ್ಪು ಹಾಕಿದ್ರೆ ನೀರು ಉಪ್ಪಾಗತ್ತೆ ಅಷ್ಟೇ, ಸಮುದ್ರದ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಬರಲ್ಲ. ಲೀಟರಿಗೆ 36ರಿಂದ 38 ಗ್ರಾಂ ಬೇಕಾಗತ್ತೆ, ಸರಿಯಾದ ಲೆಕ್ಕ ಪ್ಯಾಕೆಟ್ ಮೇಲೆ ಇರತ್ತೆ. ಬಕೆಟಲ್ಲಿ ಮೊದ್ಲು ನೀರು, ಆಮೇಲೆ ಉಪ್ಪು ಸ್ವಲ್ಪ ಸ್ವಲ್ಪವಾಗಿ, ಒಂದು ಪಂಪ್ ಬಿಟ್ಟು ರಾತ್ರಿಯೆಲ್ಲಾ ತಿರುಗಕ್ಕೆ ಬಿಡಿ, ಬೆಳಿಗ್ಗೆ ಅಳೆದಾಗ 35 ಪಿಪಿಟಿ ಬರ್ಬೇಕು, ಸಾಪೇಕ್ಷ ಸಾಂದ್ರತೆ ಲೆಕ್ಕದಲ್ಲಿ ಅದು 1.026. ಮಂಗಳೂರು, ಮಲ್ಪೆ ಕಡೆಯವರು ಸಮುದ್ರನೇ ಪಕ್ಕದಲ್ಲಿದೆ ಒಂದು ಕ್ಯಾನ್ ತುಂಬ್ಕೊಂಡು ಬಂದ್ರಾಯ್ತಲ್ಲ ಅಂತ ಕೇಳ್ತಾರೆ. ದಡದ ನೀರಲ್ಲಿ ಬೋಟಿನ ಡೀಸೆಲ್, ಚರಂಡಿ ನೀರು ಎಲ್ಲಾ ಇರತ್ತೆ, ಮಳೆಗಾಲದಲ್ಲಿ ನೇತ್ರಾವತಿ ತುಂಬಿ ಬಂದು ಅಳಿವೆ ಹತ್ರ ಉಪ್ಪಿನ ಅಂಶವೇ ಕುಸಿದು ಬಿಡತ್ತೆ, ಅದಕ್ಕೆ ಪ್ಯಾಕೆಟ್ ಉಪ್ಪೇ ವಾಸಿ.

ಟ್ಯಾಂಕಿಗೆ ಅರಗೊನೈಟ್ ಮರಳು ಎರಡು ಸೆಂಟಿಮೀಟರ್ ದಪ್ಪ, ಮೂರ್ನಾಲ್ಕು ಕೆಜಿ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು). ಕಲ್ಲನ್ನ ಮರಳಿನ ಮೇಲಲ್ಲ, ನೇರ ಗಾಜಿನ ತಳದ ಮೇಲೆ ಕೂರ್ಸಿ ಆಮೇಲೆ ಸುತ್ತ ಮರಳು ಹಾಕಿ, ಇಲ್ದಿದ್ರೆ ಏಡಿ ಅಡಿಯಿಂದ ತೋಡಿ ಕಲ್ಲು ಜಾರತ್ತೆ. ಆಮೇಲೆ ಸೈಕಲ್ ಮಾಡ್ಬೇಕು, ಅಂದ್ರೆ ಅಮೋನಿಯಾನ ನೈಟ್ರೈಟ್ ಮಾಡಿ ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಕಲ್ಲಲ್ಲಿ ಬೆಳೀಬೇಕು. ಬಾಟಲ್ ಬ್ಯಾಕ್ಟೀರಿಯಾ ಹಾಕಿ, ಅದಕ್ಕೆ ಆಹಾರವಾಗಿ ಮೀನು ಮಾರ್ಕೆಟ್‌ನಿಂದ ತಂದ ಒಂದು ಹಸಿ ಸಿಗಡಿನ ಬಲೆ ಬಟ್ಟೇಲಿ ಕಟ್ಟಿ ಬಿಡಿ, ವಾಸನೆ ಬರಕ್ಕೆ ಶುರುವಾದ್ಮೇಲೆ ತೆಗೀರಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆ ಆಗೋಕೆ ಸಾಮಾನ್ಯ ನಾಲ್ಕರಿಂದ ಆರು ವಾರ. ಇದರ ನಂತರ ಮರಳ ಮೇಲೆಲ್ಲಾ ಕಂದು ಪಾಚಿ, ಅದಾದ್ಮೇಲೆ ಹಸಿರು ಪಾಚಿ ಬರತ್ತೆ. ಗಾಬರಿ ಬಿದ್ದು ಕೆಮಿಕಲ್ ಸುರೀಬೇಡಿ, ಈಗ ಬಸವನಹುಳು ಬಿಡೋ ಟೈಮು. ಟ್ರೋಕಸ್, ಸೆರಿತ್ ಜಾತಿಯವು ಸಿಕ್ಕಿದ್ರೆ ನಾಲ್ಕು ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷ್ಯ, ಸಣ್ಣ ಟ್ಯಾಂಕ್ ಕೆಡೋದು ಬಹುಪಾಲು ಇಲ್ಲೇ. ನೀರು ಆವಿ ಆಗತ್ತೆ, ಉಪ್ಪು ಆವಿ ಆಗಲ್ಲ. 32 ಲೀಟರ್‌ನಲ್ಲಿ ಎರಡು ಲೀಟರ್ ಹೋಯ್ತು ಅಂದ್ಕೊಳಿ, ಉಳಿದ 30 ಲೀಟರಲ್ಲಿ ಅದೇ ಉಪ್ಪು, ಅಂದ್ರೆ 35 ಇದ್ದದ್ದು 37 ದಾಟತ್ತೆ. ಫ್ಯಾನ್ ಓಡೋ ರೂಮಲ್ಲಿ ಎರಡು ಲೀಟರ್ ಹೋಗೋಕೆ ಎರಡ್ಮೂರು ದಿನ ಸಾಕು. ಆಮೇಲೆ ನೆನಪಾಗಿ ಒಂದೇ ಸಲ ಸಪ್ಪೆ ನೀರು ಸುರಿದ್ರೆ ಉಪ್ಪು ದಬಕ್ಕನೆ ಇಳಿಯತ್ತೆ, ಏಡಿ ತಡ್ಕೊಳಲ್ಲ. ಇನ್ನೂ ಕೆಲವ್ರು ಉಪ್ಪುನೀರಿನ ಟ್ಯಾಂಕ್ ಅಲ್ವಾ ಅಂತ ಉಪ್ಪುನೀರೇ ತುಂಬ್ತಾರೆ, ಆಗ ಉಪ್ಪು ವಾರ ವಾರ ಏರ್ತಾನೇ ಹೋಗತ್ತೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ, ದಿನಾ ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಿಗೆ ಆ ಗೆರೆವರೆಗೆ ಸಪ್ಪೆ ಆರ್‌ಒ-ಡಿಐ ನೀರು ಹಾಕಿ, ವೇವ್‌ಮೇಕರ್ ಮುಂದೆ ನಿಧಾನಕ್ಕೆ. ದುಡ್ಡಿದ್ರೆ ಆರಿದಷ್ಟು ನೀರನ್ನ ತಾನೇ ತುಂಬೋ ಆಟೋ ಟಾಪ್ ಆಫ್ ಹಾಕ್ಸಿ, ಲೈಟಿಗೆ ಹಾಕೋ ದುಡ್ಡಲ್ಲಿ ಸ್ವಲ್ಪ ಉಳ್ಸಿ ಇದಕ್ಕೆ ಹಾಕಿ ಅಂತನೇ ನಾನು ಹೇಳೋದು.

ಟೆಂಪರೇಚರ್ 25-26 ಡಿಗ್ರಿ ಇರ್ಲಿ. ಬೆಂಗಳೂರು, ಮೈಸೂರಲ್ಲಿ ಡಿಸೆಂಬರ್ ರಾತ್ರಿ ಹೀಟರ್ ಬೇಕೇ ಬೇಕು, ಏಪ್ರಿಲಲ್ಲಿ ನೀರಿನ ಮೇಲೆ ಬೀಸೋ ಹಾಗೆ ಒಂದು ಚಿಕ್ಕ ಫ್ಯಾನ್ ಇಟ್ರೆ ಎರಡ್ಮೂರು ಡಿಗ್ರಿ ಇಳಿಯತ್ತೆ, ಜೊತೆಗೆ ನೀರೂ ಜಾಸ್ತಿ ಆರತ್ತೆ ಅನ್ನೋದು ನೆನಪಿರ್ಲಿ. ಕರಾವಳೀಲಿ ಗಾಳಿಯಲ್ಲೇ ತೇವ ಇರೋದ್ರಿಂದ ಫ್ಯಾನ್ ಅಷ್ಟು ಕೆಲ್ಸ ಮಾಡಲ್ಲ, ಎಸಿ ರೂಮು ಇಲ್ಲಾ ಚಿಲ್ಲರ್ರೇ ಗತಿ.

ಕೋರಲ್ ತಗೊಳೋ ಮುಂಚೆ ಕಾನೂನು ಗೊತ್ತಿರ್ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಟ್ಟಿಗೆ 2001ರಲ್ಲಿ ದಿಬ್ಬ ಕಟ್ಟೋ ಗಟ್ಟಿ ಹವಳಗಳು, ಕರಿಹವಳ, ಸೀ ಫ್ಯಾನ್ ಎಲ್ಲಾ ಸೇರಿವೆ. ಮುರುಡೇಶ್ವರದ ಹತ್ರ ನೇತ್ರಾಣಿಗೆ ಡೈವಿಂಗ್ ಹೋಗಿ ಒಂದು ತುಂಡು ಜೇಬಿಗೆ ಹಾಕ್ಕೊಂಡು ಬರೋದು, ಲಕ್ಷದ್ವೀಪದ ಲೈವ್ ರಾಕ್ (ಜೀವಿಗಳು ಅಂಟಿರೋ ಸಮುದ್ರದ ಕಲ್ಲು) ಅಂತ ಯಾರೋ ಮಾರಿದ್ದನ್ನ ಕೊಳ್ಳೋದು, ಎರಡೂ ಅಪರಾಧ. ಒಳ್ಳೇ ವಿಷ್ಯ ಏನಂದ್ರೆ ಹೊಸಬರಿಗೆ ಸುಲಭವಾಗಿ ಬದುಕೋದು ಮಶ್ರೂಮ್, ಜೋಅಂಥಿಡ್, ಕೆನ್ಯಾ ಟ್ರೀ, ಲೆದರ್ ಅನ್ನೋ ಹೆಸರಿನ ಮೆತ್ತನೆ ಕೋರಲ್‌ಗಳು, ಇವು ಯಾವ್ದೂ ಗಟ್ಟಿ ಹವಳ ಅಲ್ಲ. ಹಾಗಿದ್ರೂ ಬಿಲ್ ಕೇಳಿ, ಯಾರದೋ ಟ್ಯಾಂಕಲ್ಲೇ ಬೆಳೆಸಿ ಕತ್ತರಿಸಿದ ತುಂಡು (ಫ್ರ್ಯಾಗ್) ಸಿಕ್ಕಿದ್ರೆ ಇನ್ನೂ ಒಳ್ಳೇದು.

ಮಶ್ರೂಮನ್ನ ಕೆಳಗೆ, ಬೆಳಕೂ ಹರಿವೂ ಕಡಿಮೆ ಇರೋ ಕಡೆ ಇಡಿ. ಜೋಅಂಥಿಡ್ ಮಧ್ಯದಲ್ಲಿ. ಕೆನ್ಯಾ ಟ್ರೀ ತಾನೇ ಕೊಂಬೆ ಉದುರಿಸಿ ಸಿಕ್ಕ ಸಿಕ್ಕ ಕಡೆ ಹುಟ್ಟೋದ್ರಿಂದ ಅದಕ್ಕೆ ಬೇರೆನೇ ಒಂದು ಕಲ್ಲು ಕೊಡಿ. ಲೆದರ್ ಕೋರಲ್ ಕೆಲವೊಮ್ಮೆ ಕೈಬೆರಳಂಥ ಪಾಲಿಪ್ ಎಲ್ಲಾ ಒಳಗೆಳ್ಕೊಂಡು, ಮೈಮೇಲೆ ಮೇಣ ಸವರಿದ ಹಾಗೆ ಹೊಳಪು ಬಂದು, ದಿನಗಟ್ಲೆ ಸುಕ್ಕಾಗಿ ನಿಂತಿರತ್ತೆ, ಸತ್ತೋಯ್ತು ಅಂತ ಕಿತ್ತು ಎಸೆಯೋರಿದ್ದಾರೆ. ಅದು ಮೇಲಿನ ಪೊರೆ ಬಿಡ್ತಾ ಇರೋದು, ವೇವ್‌ಮೇಕರ್ ಸ್ವಲ್ಪ ಆ ಕಡೆ ತಿರುಗಿಸಿದ್ರೆ ಪೊರೆ ಕೊಚ್ಕೊಂಡು ಹೋಗತ್ತೆ. ಇವಕ್ಕೆ ಊಟ ಹಾಕ್ಬೇಕಾ ಅಂದ್ರೆ, ಬಹುಪಾಲು ಬೇಡ. ಮೈಯೊಳಗೇ ಇರೋ ಸೂಕ್ಷ್ಮ ಪಾಚಿ ಬೆಳಕಿಂದ ಆಹಾರ ಮಾಡಿ ಕೊಡತ್ತೆ, ದಿನಕ್ಕೆ ಎಂಟು ಗಂಟೆ ಲೈಟ್ ಸಾಕು. ಮೊದಲ ವಾರಗಳಲ್ಲಿ ಲೈಟ್ ಅರ್ಧಕ್ಕಿಂತ ಕಡಿಮೆ ಇಟ್ಟು ನಿಧಾನಕ್ಕೆ ಏರ್ಸಿ. ನೈಟ್ರೇಟ್ ಪೂರ್ತಿ ಸೊನ್ನೆಗೆ ತರ್ಬೇಕು ಅಂತ ಹಠ ಬೇಡ, 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇದ್ರೆ ಇವು ಖುಷಿಯಾಗಿರತ್ವೆ.

ಜೋಅಂಥಿಡ್ ಬಗ್ಗೆ ಒಂದು ಎಚ್ಚರಿಕೆ, ಇದನ್ನ ಮಾತ್ರ ಹಗುರವಾಗಿ ತಗೋಬೇಡಿ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರತ್ತೆ. ಗ್ಲೌಸ್ ಇಲ್ದೆ ಮುಟ್ಬೇಡಿ, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಹಾಕಿ, ಮತ್ತೆ ಕಲ್ಲು ಕ್ಲೀನ್ ಮಾಡೋಕೆ ಅಂತ ಕುದಿಸೋದು, ಬಿಸಿನೀರು ಹೊಯ್ಯೋದು ಯಾವತ್ತೂ ಬೇಡ, ಆ ಹಬೆ ಉಸಿರಾಡಿ ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ್ದು ಹೊರದೇಶಗಳಲ್ಲಿ ಆಗಿದೆ.

ಏಡಿಗೆ ಬರೋಣ. ಬೀಚಲ್ಲಿ ಹಿಡಿದ ಏಡಿ ಬೇಡ, ಅದು ದೊಡ್ಡದಾಗತ್ತೆ, ಸಿಕ್ಕಿದ್ದೆಲ್ಲಾ ಚಿವುಟತ್ತೆ. ಎಮರಾಲ್ಡ್ ಏಡಿ ಗುಳ್ಳೆ ಪಾಚಿ ತಿನ್ನತ್ತೆ ಅಂತ ಹೆಸ್ರು, ಆದ್ರೆ ಹಸಿದ್ರೆ ಕೋರಲ್ಲಿಗೂ ಬಾಯಿ ಹಾಕತ್ತೆ. ಹರ್ಮಿಟ್ ಏಡಿ ಚಿಪ್ಪಿಗೋಸ್ಕರ ಬಸವನಹುಳುನೇ ಮುಗಿಸ್ಬಿಡತ್ತೆ, ಅದನ್ನ ಇಟ್ರೆ ಖಾಲಿ ಚಿಪ್ಪುಗಳನ್ನೂ ಹಾಕಿಡ್ಬೇಕು. ಈ ಸೈಜಿನ ಟ್ಯಾಂಕಿಗೆ ನನ್ನ ಆಯ್ಕೆ ಪಾಮ್‌ಪಾಮ್ ಏಡಿ. ಮೈ ಎರಡೂವರೆ ಸೆಂಟಿಮೀಟರ್ ಅಷ್ಟೇ, ಎರಡು ಕೊಂಡಿಯಲ್ಲೂ ಒಂದೊಂದು ಪುಟಾಣಿ ಅನಿಮೋನ್ (ಹೂವಿನಂಥ ಸಮುದ್ರಜೀವಿ) ಹಿಡ್ಕೊಂಡಿರತ್ತೆ, ಅದನ್ನೇ ಬೀಸಿ ಹೆದರಿಸತ್ತೆ, ಅದರಲ್ಲೇ ಆಹಾರ ಒರೆಸಿ ತಿನ್ನತ್ತೆ. ಕೆಂಪು ಸಮುದ್ರದಲ್ಲಿರೋ ಇದರ ಹತ್ತಿರದ ಸಂಬಂಧಿ ಒಂದು ಅನಿಮೋನ್ ಕಳ್ಕೊಂಡ್ರೆ ಉಳಿದದ್ದನ್ನ ಹರಿದು ಎರಡು ಮಾಡ್ಕೊಳೋದನ್ನ ವಿಜ್ಞಾನಿಗಳು ನೋಡಿದ್ದಾರೆ, ಎರಡೂ ತುಂಡು ಮತ್ತೆ ಬೆಳೆದು ಪೂರ್ತಿ ಆಗತ್ತಂತೆ.

ತಂದ ದಿನ ಚೀಲದ ನೀರಿಗೆ ಟ್ಯಾಂಕಿನ ನೀರನ್ನ ಏರ್ ಲೈನ್ ಪೈಪಲ್ಲಿ ಹನಿ ಹನಿಯಾಗಿ ಮುಕ್ಕಾಲು ಗಂಟೆ ಬಿಟ್ಟು ಆಮೇಲೆ ಒಳಗೆ ಬಿಡಿ. ಮೊದಲ ವಾರ ಕಾಣ್ಸದೇ ಇರಬಹುದು, ಹುಡುಕೋಕೆ ಅಂತ ಕಲ್ಲು ಎತ್ಬೇಡಿ. ವಾರಕ್ಕೆ ಎರಡ್ಮೂರು ಸಲ ಒಂದು ಚೂರು ಮೈಸಿಸ್ ಸಿಗಡಿನ ಉದ್ದ ಇಕ್ಕಳದಲ್ಲಿ ಹಿಡಿದು ಅದರ ಗೂಡಿನ ಹತ್ರ ಇಟ್ರೆ ಸಾಕು.

ಒಂದಿನ ಬೆಳಿಗ್ಗೆ ಮರಳ ಮೇಲೆ ಏಡಿ ಅಲುಗಾಡದೆ ಬಿದ್ದಿರತ್ತೆ, ಕಾಲು ಎಲ್ಲಾ ಸರಿಯಾಗೇ ಇರತ್ತೆ. ಹತ್ರದಿಂದ ನೋಡಿ, ಕಣ್ಣಿನ ಜಾಗ ಗಾಜಿನ ಹಾಗೆ ಪಾರದರ್ಶಕ, ಬೆನ್ನಿನ ಹಿಂಭಾಗದಲ್ಲಿ ಮುಚ್ಚಳ ತೆರೆದ ಹಾಗೆ ಬಿರುಕು, ಒಳಗೆ ಏನೂ ಇಲ್ಲ. ಅದು ಚಿಪ್ಪು ಕಳಚಿರೋದು, ಏಡಿ ಮೆತ್ತಗಿನ ಮೈ ಇಟ್ಕೊಂಡು ಕಲ್ಲಿನ ಸಂದೀಲಿ ಅಡಗಿರತ್ತೆ. ಹೊಸ ಚಿಪ್ಪು ಗಟ್ಟಿಯಾಗೋವರೆಗೆ ಆ ವಾರ ನೀರು ಬದಲಾಯಿಸೋದು, ಟ್ಯಾಂಕಲ್ಲಿ ಕೈಯಾಡಿಸೋದು ಎರಡೂ ಮುಂದಕ್ಕೆ ಹಾಕಿ.

ಮನೇಲಿ ಸೊಳ್ಳೆ ಕಾಟ ಇದ್ದೇ ಇರತ್ತೆ. ಲಿಕ್ವಿಡ್ ಮಷಿನ್, ಕಾಯಿಲ್, ಜಿರಳೆ ಸ್ಪ್ರೇ ಇವುಗಳಲ್ಲೆಲ್ಲ ಸಾಮಾನ್ಯವಾಗಿ ಇರೋದು ಪೈರೆಥ್ರಾಯ್ಡ್, ಏಡಿ ಸಿಗಡಿ ಜಾತಿಗೆ ಕೀಟದ ಹಾಗೇ ಅದು ಮಾರಕ. ಟ್ಯಾಂಕ್ ಇರೋ ರೂಮಲ್ಲಿ ಕಿಟಕಿಗೆ ಜಾಲರಿ, ಇಲ್ಲಾಂದ್ರೆ ಎಲೆಕ್ಟ್ರಿಕ್ ಬ್ಯಾಟು, ಬೇರೆ ಏನೂ ಬೇಡ.

ವಾರಕ್ಕೊಮ್ಮೆ ಮೂರು ಲೀಟರ್ ನೀರು ತೆಗೆದು ಅಷ್ಟೇ ಉಪ್ಪಿನ, ಅಷ್ಟೇ ಬಿಸಿಯ ಹೊಸ ನೀರು ಹಾಕಿ, ಕ್ಯಾಲ್ಸಿಯಂ ಅದು ಇದು ಬೇರೆ ಡೋಸ್ ಮಾಡೋದು ಬೇಕಾಗಲ್ಲ. ವೈರ್‌ಗಳನ್ನ ಪ್ಲಗ್‌ಗಿಂತ ಕೆಳಗೆ ಜೋತುಬಿಟ್ಟು ಆಮೇಲೆ ಮೇಲಕ್ಕೆ ತಗೊಂಡು ಹೋಗಿ, ಹರಿದು ಬಂದ ಹನಿ ಅಲ್ಲೇ ಬೀಳತ್ತೆ, ಉಪ್ಪುನೀರು ಮತ್ತೆ ಕರೆಂಟ್ ಜೊತೆ ಆಟ ಬೇಡ. ಕರೆಂಟ್ ಹೋದಾಗ ಹೀಟರ್, ಲೈಟ್ ಹೋದ್ರೂ ಪರ್ವಾಗಿಲ್ಲ, ವೇವ್‌ಮೇಕರ್ ನಿಲ್ಲಬಾರ್ದು, ಅದೊಂದನ್ನ ಇನ್ವರ್ಟರ್ ಲೈನಿಗೆ ಹಾಕಿ ಇಲ್ಲಾ ಬ್ಯಾಟರಿ ಏರ್ ಪಂಪ್ ಇಟ್ಕೊಳಿ.

ಹಬ್ಬಕ್ಕೆ ವಾರ ಊರಿಗೆ ಹೋಗೋದಿದ್ರೆ ಏಡಿಗೆ ಊಟದ ಚಿಂತೆ ಇಲ್ಲ, ಕಲ್ಲಲ್ಲಿ ಸಿಗೋದೇ ಸಾಕು. ನೀರಿಂದೇ ಚಿಂತೆ. ಪಕ್ಕದ ಮನೆ ಆಂಟಿಗೆ ಹೇಳೋದಾದ್ರೆ ಸಪ್ಪೆ ನೀರನ್ನ ದಿನಕ್ಕೊಂದು ಬಾಟಲಿ ಅಂತ ತುಂಬ್ಸಿ, ಮೇಲೆ ವಾರದ ಹೆಸ್ರು ಬರೆದು ಸಾಲಾಗಿ ಇಟ್ಟು ಹೋಗಿ, ಟೇಪಿನ ಗೆರೆ ತೋರ್ಸಿ ಅದಕ್ಕಿಂತ ಮೇಲೆ ಬೇಡ ಅಂತ ಹೇಳಿ, ಮೈಸಿಸ್ ಪ್ಯಾಕೆಟ್ ಮಾತ್ರ ಫ್ರೀಜರಲ್ಲಿ ಅವ್ರ ಕಣ್ಣಿಗೆ ಬೀಳದ ಹಾಗೆ ಹಿಂದಕ್ಕೆ ತಳ್ಳಿ.