ಹಾರರ್ ಗೇಮ್‌ನ ಕವರ್: ಕುಗ್ಗಿಸಿ, ಬಣ್ಣ ತೆಗೆದು ನೋಡಿ

ಹಾರರ್ ಗೇಮ್‌ನ ಕವರ್ ಚಿತ್ರವನ್ನು ಅಂತಿಮಗೊಳಿಸುವ ಮುನ್ನ 120×45 ಪಿಕ್ಸೆಲ್‌ಗೆ ಕುಗ್ಗಿಸಿ, ಕಪ್ಪು-ಬಿಳುಪಾಗಿಸಿ, ಕಡುಬಣ್ಣದ ಹಿನ್ನೆಲೆಯ ಮೇಲಿಟ್ಟು ನೋಡಿ. ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಪಟ್ಟಿಗಳಲ್ಲಿ ಅದು ಅಷ್ಟು ಚಿಕ್ಕದಾಗಿಯೂ ಕಾಣಿಸಿಕೊಳ್ಳುತ್ತದೆ. ಪುಟವೂ ಕಪ್ಪು, ಚಿತ್ರವೂ ಕಪ್ಪು ಆದರೆ ದೆವ್ವ ಅಲ್ಲೇ ಕರಗಿಹೋಗುತ್ತದೆ. ಎಲ್ಲರಿಗೂ ಪ್ರಿಯವಾದ ರಕ್ತಗೆಂಪು ಅಕ್ಷರಗಳಂತೂ ಮೊದಲೇ ಮಾಯ: ಬಣ್ಣ ತೆಗೆದರೆ ಕಡುಗೆಂಪಿಗೂ ಕಪ್ಪಿಗೂ ಹೆಚ್ಚು ಅಂತರ ಉಳಿಯುವುದಿಲ್ಲ. ಮುಖಕ್ಕೆ ಬೆಳಕು ಚೆಲ್ಲುವ ಬದಲು ಆಕೃತಿಯ ಹಿಂದಿನ ಮಂಜನ್ನೋ ಅರೆತೆರೆದ ಬಾಗಿಲನ್ನೋ ಬೆಳಗಿಸಿ. ಆಕಾರ ಎದ್ದು ಕಾಣುತ್ತದೆ, ಮುಖ ಗುಟ್ಟಾಗಿಯೇ ಉಳಿಯುತ್ತದೆ. ಆಗಲೂ ಹೆಸರು ಓದಲಾಗದಿದ್ದರೆ ಅದನ್ನು ಹಿಗ್ಗಿಸಿ, ಉಳಿದದ್ದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಸ್ಟೀಮ್‌ನಲ್ಲಿ ಆಟಗಾರರ ಸ್ವಂತ ಗೇಮ್ ಸಂಗ್ರಹದಲ್ಲಿ ಕಾಣುವ 600×900ರ ಲೈಬ್ರರಿ ಚಿತ್ರಕ್ಕೆ ಈ ಪರೀಕ್ಷೆ ಅಷ್ಟಾಗಿ ಒಗ್ಗದು, ಅಲ್ಲಿ ಸೂಕ್ಷ್ಮ ವಿವರಗಳಿಗೆ ಜಾಗವಿದೆ. ಮುದ್ದು ಬಣ್ಣಗಳ ಹಿಂದೆ ಭಯವನ್ನು ಅಡಗಿಸುವ ಗೇಮ್‌ಗಳಲ್ಲೂ ಕೈಕೊಡುತ್ತದೆ. ಅಲ್ಲಿ ಕಣ್ಣು ಸೆಳೆಯುವುದು ಬಣ್ಣವೇ.