ಮೊಬೈಲಿನೊಳಗಿನ ಮೊಂಡ ಪೇಷಂಟು

ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ ಮೊದಲ ಸಲ ನನಗೆ ಬಂದದ್ದು 330. ಅಲ್ಲಿ ನರ್ಸಾಗಲು ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಕೇಳುವುದು 350. ಓದುವುದು, ಕೇಳುವುದು ಎರಡೂ ದಾಟಿತ್ತು. ಬರವಣಿಗೆಗೆ 300 ಸಾಕು, ಅದೂ ಹೇಗೋ ಆಗಿತ್ತು. ಬಿದ್ದದ್ದು ಮಾತಿನಲ್ಲಿ. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಆರು ವರ್ಷದಿಂದ ಬಾಯಿ ಒಣಗುವಷ್ಟು ಮಾತಾಡಿಯೇ ಸಂಬಳ ತಗೊಳ್ಳುವವಳು ನಾನು. ರಿಸಲ್ಟ್ ಬಂದ ರಾತ್ರಿ ಡ್ಯೂಟಿಯಲ್ಲಿದ್ದೆ. ನೋಡಿದೆ, ಮೊಬೈಲ್ ಜೇಬಿಗೆ ಹಾಕಿದೆ, ಆರನೇ ಬೆಡ್ಡಿನ ಸಲೈನ್ ಬದಲಿಸಲು ಹೋದೆ. ಪರೀಕ್ಷೆಯ ಫೀಸು ನನ್ನ ಎರಡು ತಿಂಗಳ ಸಂಬಳದಷ್ಟು. ಹೈದರಾಬಾದಿಗೆ ಹೋಗಿ ಬಂದ ಖರ್ಚು ಬೇರೆ.

ಗೊತ್ತಿಲ್ಲದವರಿಗೆ ಹೇಳಬೇಕು. ಓಇಟಿ ಎಂದರೆ ಆಸ್ಪತ್ರೆಯ ಕೆಲಸದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಇದರ ಸ್ಪೀಕಿಂಗ್‌ನಲ್ಲಿ ಎರಡು ರೋಲ್‌ಪ್ಲೇ, ಒಂದೊಂದು ಸುಮಾರು ಐದು ನಿಮಿಷ. ಕೈಗೆ ಒಂದು ಕಾರ್ಡ್ ಕೊಡುತ್ತಾರೆ: ಎಲ್ಲಿದ್ದೀರಿ, ಎದುರಿಗಿರುವವರು ಯಾರು, ನೀವು ಏನೇನು ಮಾಡಬೇಕು. ಓದಿಕೊಳ್ಳಲು ಎರಡು-ಮೂರು ನಿಮಿಷ. ನಾವು ನರ್ಸು, ಎದುರಿಗಿರುವವರು ಪೇಷಂಟು ಅಥವಾ ಪೇಷಂಟಿನ ಮನೆಯವರು. ಅವರ ಕೈಯಲ್ಲೂ ಒಂದು ಕಾರ್ಡ್ ಇರುತ್ತದೆ, ಅದು ನಮಗೆ ಕಾಣುವುದಿಲ್ಲ. ಅಂಕ ಕೊಡುವವರು ಅವರಲ್ಲ, ರೆಕಾರ್ಡಿಂಗ್ ಕೇಳುವ ಬೇರೆಯವರು. ಇಂಗ್ಲಿಷಿಗೆ ಒಂದಷ್ಟು ಅಂಕ. ಪೇಷಂಟಿನ ಮಾತು ಕೇಳಿಸಿಕೊಂಡಿರಾ, ಮನಸ್ಸಿನಲ್ಲಿರುವುದನ್ನು ಹೊರತೆಗೆದಿರಾ, ಹೇಳಿದ್ದು ಅರ್ಥವಾಯಿತೇ ಎಂದು ವಿಚಾರಿಸಿದಿರಾ ಎಂಬುದಕ್ಕೆ ಒಂದಷ್ಟು. ನಮ್ಮ ವೈದ್ಯಕೀಯ ಜ್ಞಾನಕ್ಕೆ ಅಲ್ಲಿ ಅಂಕವೇ ಇಲ್ಲ. ಇದನ್ನು ಮೊದಲ ಸಲ ನಾನು ನಂಬಿರಲಿಲ್ಲ.

ಮೊದಲ ಸಲ ಸೇರಿದ್ದ ಆನ್‌ಲೈನ್ ಕೋಚಿಂಗಿನಲ್ಲಿ ಬಾಯಿ ಬಿಡುವ ಪಾಳಿ ಬರುತ್ತಿದ್ದದ್ದು ವಾರಕ್ಕೊಮ್ಮೆ. ಉಳಿದ ದಿನ ಬಾಯಿಪಾಠ. ‘ಐ ಅಂಡರ್‌ಸ್ಟ್ಯಾಂಡ್ ಹೌ ಯೂ ಫೀಲ್’ ಎಂಬ ವಾಕ್ಯವನ್ನು ಎಲ್ಲಿ ಬೇಕಾದರೂ ಅಂಟಿಸಬಹುದು ಎಂದು ಕಲಿಸಿದ್ದರು. ನಾನೂ ಅಂಟಿಸಿದೆ. ಎರಡನೇ ಸಲಕ್ಕೆ ಕೋಚಿಂಗಿಗೆ ಕೊಡಲು ದುಡ್ಡು ಇರಲಿಲ್ಲ. ಮೊಬೈಲಿನಲ್ಲಿ ಒಂದು ಉಚಿತ ಚಾಟ್‌ಬಾಟ್ ಇತ್ತು, ಮಾತಾಡಿದರೆ ಮಾತಾಡುತ್ತದೆ, ರಾತ್ರಿ ಎರಡಕ್ಕೂ ಎದ್ದಿರುತ್ತದೆ.

ಮೊದಲ ವಾರ ಅದು ನನ್ನನ್ನು ಹಾಳು ಮಾಡಿತು ಎಂದೇ ಹೇಳಬೇಕು. ಅಷ್ಟು ಒಳ್ಳೆಯ ಪೇಷಂಟನ್ನು ನಾನು ಜನ್ಮದಲ್ಲಿ ನೋಡಿಲ್ಲ. ಸಿಗರೇಟು ಬಿಡಿ ಎಂದರೆ ‘ಥ್ಯಾಂಕ್ಯೂ ನರ್ಸ್, ಇವತ್ತಿನಿಂದಲೇ ಬಿಡುತ್ತೇನೆ’ ಎನ್ನುತ್ತಿತ್ತು. ನಮ್ಮ ವಾರ್ಡಿನಲ್ಲಿ ಹೀಗೆ ಅಂದವರಿದ್ದರೆ ತೋರಿಸಿ. ನಾನು ಕೇಳುವ ಮೊದಲೇ ತನ್ನ ಕಾಯಿಲೆ, ಮಾತ್ರೆ, ಮನೆ ಸಂಕಟ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿತ್ತು. ನಡುನಡುವೆ ಪಾತ್ರ ಬಿಟ್ಟು ‘ತುಂಬಾ ಚೆನ್ನಾಗಿ ಮಾತಾಡಿದಿರಿ’ ಎಂಬ ಶಾಬಾಷ್‌ಗಿರಿ. ಒಂದು ರಾತ್ರಿಯಂತೂ ಅರ್ಧಕ್ಕೆ ತಾನೇ ನರ್ಸಾಗಿ ನನಗೇ ಬುದ್ಧಿ ಹೇಳತೊಡಗಿತು. ನಾನು ಪೇಷಂಟಾಗಿ ಎರಡು ನಿಮಿಷ ಉತ್ತರ ಕೊಟ್ಟ ಮೇಲೆ ಎಚ್ಚರವಾಯಿತು.

ಆಮೇಲೆ ಕೂತು ಅದಕ್ಕೊಂದು ಸೂಚನೆ ಬರೆದೆ. ಹತ್ತು ಸಲ ತಿದ್ದಿದ ಮೇಲೆ ನಿಂತದ್ದು ಹೀಗೆ. ಕನ್ನಡದಲ್ಲೇ ಕೊಟ್ಟರೂ ನಡೆಯುತ್ತದೆ:

“ನೀನು ಪೇಷಂಟ್, ನಾನು ನರ್ಸ್. ಇಂಗ್ಲಿಷಿನಲ್ಲಿ ಮಾತಾಡು. ಪಾತ್ರ ಬದಲಿಸಬೇಡ. ಒಂದು ಸಲಕ್ಕೆ ಒಂದೆರಡು ವಾಕ್ಯ ಮಾತ್ರ. ನಾನು ಕೇಳದ್ದನ್ನು ಹೇಳಬೇಡ. ಮನಸ್ಸಿನಲ್ಲಿ ಒಂದು ಭಯ ಇಟ್ಟುಕೋ, ನಾನು ನೆಟ್ಟಗೆ ವಿಚಾರಿಸುವವರೆಗೂ ಬಾಯಿ ಬಿಡಬೇಡ. ನನ್ನ ಸಲಹೆಗೆ ಕನಿಷ್ಠ ಎರಡು ಸಲ ತಕರಾರು ಮಾಡು. ನಾನು ಕಷ್ಟದ ಪದ ಬಳಸಿದರೆ ಅರ್ಥವಾಗದವರಂತೆ ಇರು. ನಾನು ‘ಸ್ಟಾಪ್’ ಎನ್ನುವ ತನಕ ಹೊಗಳುವುದು, ತಿದ್ದುವುದು ಏನೂ ಬೇಡ.”

ಇದರಲ್ಲಿ ಆ ಮುಚ್ಚಿಟ್ಟ ಭಯದ ಸಾಲು ಇದೆಯಲ್ಲ, ಅದೊಂದೇ ನನ್ನ ಅರ್ಧ ಕೆಲಸ ಮಾಡಿತು.

ಮೊದಲ ದಿನ ಕೊಟ್ಟ ಕಾರ್ಡು ನಾನೇ ಬರೆದದ್ದು. ಅರವತ್ತರ ಗಂಡಸು, ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳಿಗೆ ಹುಣ್ಣು, ಡ್ರೆಸಿಂಗಿಗೆ ನೆಟ್ಟಗೆ ಬರುವುದಿಲ್ಲ. ಶುರುಮಾಡಿದೆ. ದಿನಾ ಕಾಲು ನೋಡಿಕೊಳ್ಳಬೇಕು, ಬರಿಗಾಲಲ್ಲಿ ನಡೆಯಬಾರದು, ಬಿಸಿನೀರಲ್ಲಿ ಕಾಲು ಇಳಿಬಿಡಬಾರದು, ಬೆರಳ ಸಂದಿ ಒರೆಸಿಕೊಳ್ಳಬೇಕು. ಒಂದೂ ತಪ್ಪಿಲ್ಲ. ಡಿಸ್ಚಾರ್ಜ್ ದಿನ ಹೇಳುವುದನ್ನೇ ಇಂಗ್ಲಿಷಿನಲ್ಲಿ ಸುರಿದೆ. ಅವನು ‘ಐ ಆಮ್ ಬಿಝಿ’ ಎಂದ. ನಾನು ‘ಯೂ ಮಸ್ಟ್ ಕಮ್’ ಎಂದೆ. ಅವನು ‘ಇಟ್ ಈಸ್ ಜಸ್ಟ್ ಎ ಸ್ಮಾಲ್ ಸೋರ್’ ಎಂದ. ನಾನು ‘ಐ ಅಂಡರ್‌ಸ್ಟ್ಯಾಂಡ್ ಹೌ ಯೂ ಫೀಲ್, ಬಟ್ ಯೂ ಮಸ್ಟ್ ಕಮ್’ ಎಂದೆ. ಐದು ನಿಮಿಷ ಮುಗಿಯಿತು. ‘ಸ್ಟಾಪ್’ ಎಂದು, ನಿನ್ನ ಭಯ ಏನಾಗಿತ್ತು ಎಂದು ಕೇಳಿದೆ. ಅದು ಹೇಳಿತು: ಇಂಥದೇ ಹುಣ್ಣಾಗಿ ನನ್ನ ಅಣ್ಣನ ಕಾಲು ಕತ್ತರಿಸಿದ್ದರು, ಕ್ಲಿನಿಕ್ಕಿಗೆ ಬಂದರೆ ನನ್ನದೂ ಕತ್ತರಿಸುತ್ತಾರೆಂದು ಅಂಜಿಕೆ.

ಇಲ್ಲದ ಅಣ್ಣ, ಇಲ್ಲದ ಕಾಲು. ಆದರೂ ಮುಖ ಬಿಸಿಯಾಯಿತು. ಸ್ಕ್ರೀನಿನ ಮೇಲೆ ನಮ್ಮ ಮಾತೆಲ್ಲ ಅಕ್ಷರವಾಗಿ ಇತ್ತಲ್ಲ, ಮೇಲಿಂದ ಕೆಳಗೆ ಓದಿದೆ. ನಾನು ಕೇಳಿದ ಪ್ರಶ್ನೆ ಎರಡು. ಅದರಲ್ಲಿ ಒಂದು ‘ಓಕೆ?’

ಈಗ ಅದೇ ಪೇಷಂಟು ಆಳಂದದ ಕಡೆಯಿಂದ ಬಂದ ಒಬ್ಬ ಮುತ್ಯಾ ಅಂದುಕೊಳ್ಳಿ. ನಾನು ಏನು ಮಾಡುತ್ತೇನೆ? “ಮುತ್ಯಾ, ಯಾರ ಸಂಗಟ ಬಂದಿ? ಮಳಿ ಆಗ್ಯಾದೇನು? ಈ ಸಲ ತೊಗರಿ ಹೆಂಗದ?” ಎಂದು ಶುರುವಾಗುತ್ತದೆ. ಕೈಯಲ್ಲಿ ಡ್ರೆಸಿಂಗ್ ಬಿಚ್ಚುತ್ತಾ ಇರುತ್ತೇನೆ. ಹೊಲದ ಮಾತಿನಿಂದ ಮಗನ ಮಾತಿಗೆ, ಮಗನಿಂದ ಸಾಲಕ್ಕೆ, ಸಾಲದಿಂದ ಅಣ್ಣನ ಕಾಲಿಗೆ ಅವನೇ ಬರುತ್ತಾನೆ. “ಹಂಗ ಕಡದಗಿಡದಾರು ಅಂತ ಅಂಜಿಕಿ ಯವ್ವಾ” ಎಂದೂ ಅವನೇ ಅನ್ನುತ್ತಾನೆ. ನಾನು ಕೇಳಬೇಕಾಗಿಯೇ ಇಲ್ಲ. ಇಂಗ್ಲಿಷಿನಲ್ಲಿ ಈ ಕಾಲುದಾರಿ ನನಗೆ ಇರಲೇ ಇಲ್ಲ. ಅಲ್ಲಿ ನಾನು ನೇರ ಹೆದ್ದಾರಿ ಹತ್ತಿ, ಗೇರ್ ಬದಲಿಸದೆ ಓಡಿಸುತ್ತಿದ್ದೆ. ಐದು ನಿಮಿಷದಲ್ಲಿ ತೊಗರಿ ಬೆಲೆ ಕೇಳುತ್ತಾ ಕೂರಲಾಗುವುದಿಲ್ಲ, ನಿಜ. ಅದರ ಬದಲಿಗೆ ಏನು ಎಂದು ಹುಡುಕುತ್ತಾ ಎರಡು ವಾರ ಕಳೆದೆ. ಕಡೆಗೆ ಉಳಿದದ್ದು ಮೂರೇ ವಾಕ್ಯ. ‘ಇದರ ಬಗ್ಗೆ ನಿಮಗೆ ಈಗಾಗಲೇ ಏನು ಗೊತ್ತಿದೆ?’ ‘ಇದರಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಯಾವುದರದ್ದು?’ ‘ಮನೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ, ಒಂದು ಸಲ ಹೇಳಿ ನೋಡೋಣ.’ ಇವನ್ನು ಇಂಗ್ಲಿಷಿನಲ್ಲಿ ನನ್ನ ನಾಲಿಗೆಗೆ ಒಗ್ಗುವಂತೆ ಮಾಡಿಕೊಂಡೆ. ಎರಡನೆಯದನ್ನು ಕೇಳಿದ ಮೇಲೆ ಸುಮ್ಮನಿರಬೇಕು. ಅದೇ ಕಷ್ಟ. ಸುಮ್ಮನಿದ್ದರೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು ಎಂಬ ಹೆದರಿಕೆಗೆ ನಾವು ಬಡಬಡಿಸುತ್ತೇವೆ.

ಬಾಟ್‌ನ ಅಂಕಗಳನ್ನು ನಂಬಬೇಡಿ. ಅದೇ ಮಾತುಕತೆಯನ್ನು ಮೂರು ದಿನ ಮೂರು ಸಲ ಕೊಟ್ಟು ಅಂಕ ಕೇಳಿದೆ: 340, 390, 420. ಮೂರನೇ ದಿನ ಮನಸ್ಸು ಚೆನ್ನಾಗಿತ್ತೇನೋ! ಅಂಕ ಕೇಳುವುದು ಬಿಟ್ಟು ಲೆಕ್ಕ ಕೇಳತೊಡಗಿದೆ. ನಾನು ಎಷ್ಟು ಪ್ರಶ್ನೆ ಕೇಳಿದೆ? ಪೇಷಂಟ್ ಹೇಳಿದ ಯಾವ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳದೆ ಮುಂದೆ ಹೋದೆ? ಸಾಮಾನ್ಯರಿಗೆ ತಿಳಿಯದ ಪದ ಯಾವುವು? ಕೊನೆಯದಕ್ಕೆ ಅದು ಬಹಳ ಚೆನ್ನಾಗಿ ಉತ್ತರಿಸುತ್ತದೆ. ‘ನ್ಯೂರೋಪತಿ’, ‘ನಿಲ್ ಬೈ ಮೌತ್’, ‘ಆಂಬುಲೇಟ್’ ಇವೆಲ್ಲ ನನ್ನ ಬಾಯಲ್ಲಿ ಉಗುಳಿನಂತೆ ಬರುತ್ತಿದ್ದವು. ಎಣಿಕೆಯಲ್ಲಿ ಮಾತ್ರ ಅದು ಕಚ್ಚಾ. ಏಳು ಪ್ರಶ್ನೆ ಎಂದಿತು, ಪೆನ್ನು ಹಿಡಿದು ಎಣಿಸಿದರೆ ಐದು.

ಉಚ್ಚಾರಣೆಯದ್ದು ಇನ್ನೊಂದು ಮೋಸ. ನಮ್ಮ ಕಡೆ ‘ಸ್ಟೂಲ್’ ಅನ್ನುವುದು ‘ಇಸ್ಟೂಲ್’ ಆಗುತ್ತದೆ, ‘ಸ್ಟಾಫ್’ ‘ಇಸ್ಟಾಫ್’. ಬೇಕೆಂದೇ ಹಾಗೆ ಹೇಳಿ ನೋಡಿದೆ. ಸ್ಕ್ರೀನಿನ ಮೇಲೆ ಚೊಕ್ಕಟ ಇಂಗ್ಲಿಷ್ ಬಂತು. ಅದು ನಾವಂದದ್ದನ್ನು ಊಹಿಸಿ ತಿದ್ದಿ ಬರೆದುಕೊಳ್ಳುತ್ತದೆ, ಆಮೇಲೆ ನಿಮ್ಮ ಉಚ್ಚಾರಣೆ ಸ್ಪಷ್ಟವಾಗಿದೆ ಎನ್ನುತ್ತದೆ! ರಕ್ತನಾಳದ ‘ವೇನ್’, ದ್ರಾಕ್ಷಾರಸದ ‘ವೈನ್’ ಎರಡರ ಮೊದಲ ಅಕ್ಷರವನ್ನೂ ನಾವು ಒಂದೇ ‘ವ’ದಲ್ಲಿ ಮುಗಿಸುತ್ತೇವೆ, ಆದರೆ ಇಂಗ್ಲಿಷಿನವರಿಗೆ ಮೊದಲನೆಯದಕ್ಕೆ ತುಟಿ ಹಲ್ಲಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ಗುಂಡಗಾಗಬೇಕು. ಇದನ್ನು ಬಾಟ್ ಒಂದು ಸಲವೂ ಹಿಡಿಯಲಿಲ್ಲ. ನನ್ನ ಜೊತೆ ಟ್ರೇನಿಂಗ್ ಮಾಡಿ ಈಗ ಐರ್ಲೆಂಡಿನಲ್ಲಿರುವ ಅಕ್ಕನಿಗೆ ವಾಟ್ಸಾಪಿನಲ್ಲಿ ನನ್ನ ಧ್ವನಿ ಕಳಿಸುತ್ತಿದ್ದೆ, ಹಿಡಿದವಳು ಅವಳು. “ಮೊದಲು ಸಾವಕಾಶ ಮಾತಾಡಲೇ, ಬಸ್ ತಪ್ಪಲತ್ತದೇನು” ಅನ್ನುವುದು ಅವಳ ಖಾಯಂ ಉತ್ತರ.

ನಾನು ಯೋಚಿಸಲು ಒಂದು ಕ್ಷಣ ನಿಂತರೆ ಬಾಟ್ ನನ್ನ ಮಾತು ಮುಗಿಯಿತೆಂದು ನಡುವೆ ಬಾಯಿ ಹಾಕುತ್ತಿತ್ತು. ಸಿಟ್ಟು ಬರುತ್ತಿತ್ತು. ಅದನ್ನು ತಡೆಯಲು ‘ಲೆಟ್ ಮಿ ಥಿಂಕ್ ಅಬೌಟ್ ದ್ಯಾಟ್’ ಎಂದು ಎಳೆಯುವುದು ರೂಢಿಯಾಯಿತು. ಪರೀಕ್ಷೆಯಲ್ಲಿ ಅದೇ ಕೈಹಿಡಿಯಿತು, ಆ ಮಾತು ಬೇರೆ.

ಕಾರ್ಡುಗಳಿಗೆ ಮೊದಲು ಓಇಟಿಯವರೇ ಉಚಿತವಾಗಿ ಕೊಡುವ ಮಾದರಿಗಳನ್ನು ನೋಡಿದೆ, ಆಮೇಲೆ ಆ ಧಾಟಿಯಲ್ಲಿ ನಾನೇ ಬರೆದೆ. ವಾರ್ಡಿನ ಪೇಷಂಟಿನ ಹೆಸರು, ಊರು, ರಿಪೋರ್ಟು ಒಂದನ್ನೂ ಬಾಟ್‌ಗೆ ಹಾಕಬಾರದು. ಕಾಯಿಲೆ ಇಟ್ಟುಕೊಂಡು ಮನುಷ್ಯನನ್ನು ಹೊಸದಾಗಿ ಮಾಡಿಕೊಳ್ಳಬೇಕು. ನನಗೆ ಪರಕೀಯ ಎನಿಸಿದ್ದು ವೃದ್ಧಾಶ್ರಮದ ಕಾರ್ಡುಗಳು. ತಾಯಿಯನ್ನು ಅಲ್ಲಿ ಬಿಟ್ಟು ಹೋಗಲು ಬಂದ ಮಗಳಿಗೆ ಸಮಾಧಾನ ಹೇಳಬೇಕು. ನಮ್ಮಲ್ಲಿ ಒಬ್ಬ ಪೇಷಂಟಿನ ಹಿಂದೆ ಹತ್ತು ಮಂದಿ ರೊಟ್ಟಿ ಗಂಟು ಹಿಡಿದು ಬಂದು ವಾರ್ಡಿನ ಹೊರಗೆ ಚಾಪೆ ಹಾಸುತ್ತಾರೆ, ಅವರನ್ನು ಹೊರಗೆ ಕಳಿಸುವುದೇ ನಮ್ಮ ಕೆಲಸ. ಆ ಮಗಳನ್ನು ನಾನು ಮೊದಲು ಒಳಗೊಳಗೇ ಬೈಯುತ್ತಿದ್ದೆ, ಅದು ದನಿಯಲ್ಲಿ ಕಾಣುತ್ತಿತ್ತು. ಹತ್ತು ಹನ್ನೆರಡು ಸಲ ಅವಳೊಂದಿಗೆ ಮಾತಾಡಿದ ಮೇಲೆ ಹದಕ್ಕೆ ಬಂದೆ.

ದನಿ ಎಂದಾಗ ಅವ್ವನ ವಿಷಯ ಹೇಳಲೇಬೇಕು. ರಾತ್ರಿ ನಾನು ಒಬ್ಬಳೇ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಿ, “ಯಾರ ಸಂಗಟ ಮಾತಾಡ್ಲತ್ತಿ ಇಷ್ಟೊತ್ತಿನಾಗ?” ಎಂದು ಎದ್ದು ಬಂದಳು. ಹೇಳಿದೆ. ಮೊಬೈಲಿನ ಪೇಷಂಟನ್ನು ಸ್ವಲ್ಪ ಹೊತ್ತು ಕೇಳಿ, “ಇದೇನ್ ಪೇಷಂಟು, ಹೂಂ ಹೂಂ ಅಂತದ. ನಾ ಆಗ್ತೀನಿ ಬಾ” ಎಂದಳು. ಪರೀಕ್ಷೆಗೆ ಹತ್ತು ದಿನ ಇತ್ತು. ಅವಳು ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ. ಅವಳಿಗೆ ಬಿಪಿ ಇದೆ, ಮಾತ್ರೆ ನಡುನಡುವೆ ಬಿಡುತ್ತಾಳೆ, ಹಾಗಾಗಿ ನಟನೆಯೂ ಬೇಕಿರಲಿಲ್ಲ. “ಮಾತ್ರಿ ನುಂಗಿದ್ರ ತಲಿ ತಿರಗತದ, ನುಂಗಲ್ಲ ಹೋಗು.” ನಾನು ನನ್ನ ಮೂರು ವಾಕ್ಯ ಬಿಟ್ಟೆ. ಅವಳಿಗೆ ಒಂದಕ್ಷರ ತಿಳಿಯದು, ಮುಖವನ್ನೇ ನೋಡುತ್ತಾ ಕೂತಳು. ಮುಗಿದ ಮೇಲೆ ಕೇಳಿದೆ, ಹೆಂಗಿತ್ತು? “ಮೊದಲ ಚೊಲೋ ಕೇಳಿದಿ. ಆಮ್ಯಾಲ ಬೈಲತ್ತಿದ್ದಿ.” ರೆಕಾರ್ಡಿಂಗ್ ಹಾಕಿ ನೋಡಿದರೆ ಹೌದು. ಅವಳು ಎರಡನೇ ಸಲ ತಕರಾರು ಮಾಡಿದಲ್ಲಿ ನನ್ನ ದನಿ ಏರಿದೆ, ‘ಮಸ್ಟ್’ ಮತ್ತೆ ಬಂದಿದೆ. ಬಾಟ್ ಅದೇ ಮಾತನ್ನು ಓದಿ ‘ಸಹಾನುಭೂತಿಯಿಂದ ಕೂಡಿದೆ’ ಎಂದಿತ್ತು.

ಎರಡನೇ ಸಲ ವಾಡಿ, ತಾಂಡೂರು ದಾಟಿ ಹೈದರಾಬಾದಿಗೆ ಹೋಗುವ ರೈಲಿನಲ್ಲಿ ಏನೂ ಓದಲಿಲ್ಲ. ಕಾರ್ಡಿನಲ್ಲಿ ಏನಿತ್ತೆಂದು ಹೊರಗೆ ಹೇಳುವಂತಿಲ್ಲ. ಎರಡನೇ ರೋಲ್‌ಪ್ಲೇಯಲ್ಲಿ ಎದುರಿಗಿದ್ದ ಆಕೆ ನನ್ನ ಸಲಹೆಗೆ ‘ನೋ’ ಎಂದು ಸುಮ್ಮನಾದಳು. ನನ್ನ ಬಾಯಿಗೆ ‘ಐ ಅಂಡರ್‌ಸ್ಟ್ಯಾಂಡ್’ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಯಾವುದರ ಚಿಂತೆ ಎಂದು ಕೇಳಿ, ಮೇಜಿನ ಕೆಳಗೆ ಬೆರಳು ಹಿಸುಕಿಕೊಳ್ಳುತ್ತಾ ಕಾದೆ. ಬಹಳ ಹೊತ್ತು ಅನಿಸಿತು, ಮೂರು ನಾಲ್ಕು ಸೆಕೆಂಡು ಇದ್ದಿರಬೇಕು. ಆಮೇಲೆ ಆಕೆ ಹೇಳತೊಡಗಿದಳು. ಕಾರ್ಡಿನ ಎಲ್ಲ ಸೂಚನೆ ಮುಗಿಸುವ ಮೊದಲೇ ಸಮಯವಾಯಿತು, ಕೊನೆಯ ಒಂದು ಉಳಿದೇ ಹೋಯಿತು.

ಬಂದದ್ದು 380. ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಮತ್ತ ನನಗೆಷ್ಟು ಕೊಟ್ಟಾರ?” ಎಂದಳು.